ಚಿಲಕ ಇದ್ದ ಗಿಡ

ಗುರುಬಸವ ಒಂದೇ ಒಂದು ಸುಳ್ಳು ಹೇಳಲಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ವಾಸಿ. ಮುಂದೆ ನಡೆದದ್ದನ್ನು ಕೇಳಿದವರು ಅವನನ್ನು ಸುಳ್ಳುಗಾರರ ಸಾಲಿಗೆ ಸೇರಿಸಿಬಿಡುವ ಸಂಭವ ಹೆಚ್ಚು. ಅವನು ಮಾಡಿದ್ದಿಷ್ಟೇ. ಸಿಡ್ನಿಯ ಎಪ್ಪಿಂಗಿನಲ್ಲಿದ್ದ ಗೆಳೆಯ ಗಿರೀಶನ ಫ್ಲ್ಯಾಟಿನಲ್ಲಿ ಯುಗಾದಿಯ ಊಟಕ್ಕೆ ಕೂತಾಗ, ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು ಸುಮ್ಮನಿದ್ದ.

ಗುರುಬಸವ ಅದೇ ಸಿಡ್ನಿಯ ಮಾರ್ಸ್ಡನ್ ಪಾರ್ಕ್ ಬಡಾವಣೆಯವನು. ಅದಕ್ಕೆ ಮೊದಲು ನವಲಗುಂದದ ಕಡೆಯ ಎರೆಭೂಮಿಯವನು. ನಗರಾಡಳಿತದ ಒಂದು ಕೌನ್ಸಿಲ್ ಕಚೇರಿಯಲ್ಲಿ ಮಳೆನೀರಿನ ಚರಂಡಿಗಳ ನಕ್ಷೆಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಊಟಕ್ಕೆ ಸೇರಿದ ಕಡೆ ‘ನೀವೇನ್ ಮಾಡ್ತೀರಾ’ ಎಂದು ಕೇಳಿದವರು, ‘ಚರಂಡಿ’ ಎಂಬ ಉತ್ತರ ಬಂದೊಡನೆ ಚಟ್ನಿ ಹಾಕಿಕೊಳ್ಳಲು ಎದ್ದು ಹೋಗುವುದು ರೂಢಿಯಾಗಿತ್ತು. ಅದಕ್ಕೆ ಅವನು ಬೇಸರ ಮಾಡಿಕೊಂಡವನಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಡಬ್ಬಿಯ ಅನ್ನ ತಿನ್ನುತ್ತ ಫೋನಿನಲ್ಲಿ ವೀಡಿಯೋ ನೋಡುತ್ತಿದ್ದ. ಒಂದು ದಿನ ಡಿಸ್ನಿ ಕಂಪನಿಯವರು ಅಮೆರಿಕೆಯಲ್ಲಿ ಕಟ್ಟಿದ ಉದ್ಯಾನವೊಂದರ ವೀಡಿಯೋ ಸಿಕ್ಕಿತು. ಕಸ ಸಾಗುವುದು, ಕೆಲಸಗಾರರು ಓಡಾಡುವುದು ಎಲ್ಲ ಕೆಳಗಿನ ಸುರಂಗದಲ್ಲಂತೆ. ಜನ ಹೂವು, ಬಾವುಟ ನೋಡುತ್ತ ತಿರುಗುವುದು ಅದರ ನೆತ್ತಿಯ ಮೇಲಂತೆ. ಇಷ್ಟು ಕಾಳಜಿಯಿಂದ ಕೆಳಗಿನದನ್ನು ಕೆಳಗೇ ಇಟ್ಟವರನ್ನು ಗುರುಬಸವ ತನ್ನ ನೌಕರಿಯಲ್ಲಿ ಕಂಡಿರಲಿಲ್ಲ. ಅವತ್ತಿನಿಂದ ಅದರದೇ ಹುಚ್ಚು ಹಿಡಿಯಿತು. ರೈಡುಗಳು ಅವನಿಗೆ ಬೇಕಿರಲಿಲ್ಲ. ರೈಡುಗಳ ಹಿಂದೆ, ಕೆಳಗೆ, ಮರೆಯಲ್ಲಿ ಏನಿದೆ ಎಂಬುದು ಬೇಕಿತ್ತು.

ಗಿರೀಶ, ಅವನ ಹೆಂಡತಿ ಅರುಂಧತಿ ಬೆಂಗಳೂರಿನವರು. ಆ ಯುಗಾದಿಯ ಊಟದಲ್ಲಿ ಅವರು, ಶಾಲೆಯ ರಜೆಗೆ ಮಕ್ಕಳನ್ನು ಕ್ಯಾಲಿಫೋರ್ನಿಯಾದ ಉದ್ಯಾನಕ್ಕೆ ಕರೆದೊಯ್ಯುವ ಮಾತು ಆಡುತ್ತಿದ್ದರು.

“ಅಲ್ಲೆ ಚೂಯಿಂಗ್ ಗಮ್ ಸಿಗಂಗಿಲ್ರಿ,” ಎಂದ ಗುರುಬಸವ, ಯಾರನ್ನೂ ಉದ್ದೇಶಿಸದೆ. “ಪಾರ್ಕಿನೊಳಗ ಎಲ್ಲೂ ಮಾರಂಗಿಲ್ಲ. ನೆಲಕ್ಕ ಅಂಟತೈತಿ ಅಂತ.”

ಮಗ ಅದ್ವಿಕ್ ಫೋನಿನಿಂದ ತಲೆ ಎತ್ತಿದ. “ರಿಯಲಿ, ಅಂಕಲ್?”

ಒಬ್ಬ ಹುಡುಗ ಫೋನಿನಿಂದ ತಲೆ ಎತ್ತುವುದೆಂದರೆ ಸಣ್ಣ ಮಾತಲ್ಲ. ಗುರುಬಸವನಿಗೆ ಹುರುಪು ಬಂತು. “ಜನ ಹೋದಮ್ಯಾಲೆ ಅಲ್ಲೆ ಬೆಕ್ಕು ತಿರಗತಾವ. ಒಂದು ಇಲಿಯ ಚಿತ್ರ ಬರದು ಮ್ಯಾಲೆ ಬಂದ ಕಂಪನಿ, ಖರೇ ಇಲಿ ಹಿಡಿಯಾಕ ಬೆಕ್ಕು ಸಾಕೇತಿ ನೋಡ್ರಿ.”

ಈಗ ಮೇಜಿನ ಸುತ್ತ ಇದ್ದವರೆಲ್ಲ ಅವನತ್ತ ತಿರುಗಿದರು. ಚಟ್ನಿಗೆ ಎದ್ದಿದ್ದವರೊಬ್ಬರು ಮರಳಿ ಕೂತರು. ಅರುಂಧತಿ ಕೇಳಿದಳು: “ಇಷ್ಟೆಲ್ಲ ಹೇಗೆ ಗೊತ್ತು ನಿಮ್ಗೆ? ಹೋಗಿದ್ರಾ?”

ಆಗಲೇ ಆ ಹೋಳಿಗೆ ಅವನ ಬಾಯಲ್ಲಿದ್ದದ್ದು. ಅಗಿದು ನುಂಗುವಷ್ಟರಲ್ಲಿ ಗಿರೀಶ ಅವನ ಪರವಾಗಿ ಉತ್ತರ ಕೊಟ್ಟಿದ್ದ: “ಬರೀ ಹೋಗಿ ಬಂದವ್ರಿಗೆ ಬೆಕ್ಕಿನ ವಿಷ್ಯ ಗೊತ್ತಿರುತ್ತೇನೇ? ಅಲ್ಲಿ ವರ್ಕ್ ಮಾಡಿರ್ಬೇಕು ಸಾರ್.” ಗುರುಬಸವ ನುಂಗಿದ. ಅಷ್ಟರಲ್ಲಿ ಮಾತು ಮಾರ್ಟ್‌ಗೇಜಿಗೆ ಹೋಗಿತ್ತು. ಎಲ್ಲರನ್ನೂ ತಡೆದು ನಿಲ್ಲಿಸಿ, ‘ನಾನು ಅಲ್ಲಿಗೆ ಹೋಗಿಲ್ಲ’ ಎಂದು ಸಾರುವುದು ಅವನಿಗೆ ಸ್ವಲ್ಪ ದೊಡ್ಡಸ್ತಿಕೆಯಾಗಿಯೇ ಕಂಡಿತು.

ಸುದ್ದಿ ಅರುಂಧತಿಯಿಂದ ಮೆಲ್ಬರ್ನಿನಲ್ಲಿದ್ದ ಅವಳ ಗೆಳತಿ ಶೀತಲಳಿಗೆ ಹೋಯಿತು. ಎರಡೂ ಊರುಗಳ ನಡುವಿನ ಹ್ಯೂಮ್ ಹೆದ್ದಾರಿಯ ಉದ್ದಕ್ಕೂ ಅದಕ್ಕೆ ಬಡ್ತಿ ಸಿಗುತ್ತ ಹೋಯಿತೆಂದು ಕಾಣುತ್ತದೆ. ಸಿಡ್ನಿ ಬಿಡುವಾಗ ‘ಅಲ್ಲಿ ಕೆಲಸ ಮಾಡಿರಬೇಕು’ ಎಂದಿದ್ದದ್ದು ಗೌಲ್ಬರ್ನ್ ದಾಟುವಾಗ ‘ಮಾಡಿದ್ದಾರೆ’ ಆಯಿತು. ಆಲ್ಬರಿಯಲ್ಲಿ ‘ದೊಡ್ಡ ಹುದ್ದೆ’ ಸೇರಿಕೊಂಡಿತು. ಮೆಲ್ಬರ್ನಿನ ಟಾರ್ನೀಟ್ ಬಡಾವಣೆ ಮುಟ್ಟುವ ಹೊತ್ತಿಗೆ ಗುರುಬಸವ ಒಂದು ಉದ್ಯಾನದ ಅರ್ಧಭಾಗವನ್ನು ತಾನೇ ನಿಂತು ಕಟ್ಟಿಸಿದ್ದ.

ಟಾರ್ನೀಟಿನಲ್ಲಿ ಅವನ ಅಕ್ಕ ನೀಲಕ್ಕನ ಮನೆ. ಅಕ್ಕನ ಗಂಡ ಪಂಚಾಕ್ಷರಯ್ಯ ಅಲ್ಲಿಯ ಕನ್ನಡ ಸಂಘದ ಅಧ್ಯಕ್ಷರು. ಅವರಿಗೂ ಗುರುಬಸವನಿಗೂ ಇದ್ದ ಸಂಬಂಧ ತಿಳಿಯಬೇಕಾದರೆ ಮದುವೆಯ ದಿನದ ಸಂಗತಿ ಹೇಳಬೇಕು. ವರನ ಟೆಂಪೋಕ್ಕೆ ಹಾದಿ ತೋರಿಸಲೆಂದು ಹೆಣ್ಣಿನ ಕಡೆಯವರು ಹತ್ತು ವರ್ಷದ ಗುರುಬಸವನನ್ನು ಕಳಿಸಿದ್ದರು. ಕವಲುದಾರಿಯಲ್ಲಿ ಡ್ರೈವರು ‘ಯಾವ ಕಡೆ’ ಎಂದ. ಗುರುಬಸವನಿಗೆ ಗೊತ್ತಿರಲಿಲ್ಲ. ಆದರೆ ಹಾಗೆನ್ನಲು ನಾಚಿಕೆಯಾಗಿ ಎಡಕ್ಕೆ ಕೈ ತೋರಿಸಿದ. ಎಡಗಡೆಯ ಊರಲ್ಲೂ ಅಂದು ಮದುವೆ ಇತ್ತು. ವಾಲಗದವರು ಎದುರುಗೊಂಡರು, ಆರತಿ ಆಯಿತು, ಕೊರಳಿಗೆ ಹಾರ ಬೀಳುವುದರಲ್ಲಿತ್ತು; ಅಷ್ಟರಲ್ಲಿ ಯಾವುದೋ ಮುದುಕಿ ಹತ್ತಿರ ಬಂದು ನೋಡಿ, ‘ಇವ ನಮ್ಮ ಅಳಿಯ ಅಲ್ಲ’ ಎಂದಳು.

ಅಂದಿನಿಂದ ಪಂಚಾಕ್ಷರಯ್ಯನವರಿಗೆ ಅವನು ‘ಲೇ ಗುರ್ಯಾ’. ಅವನು ಇಂಜಿನಿಯರಿಂಗ್ ಮುಗಿಸಿದಾಗಲೂ ಲೇ ಗುರ್ಯಾ, ಆಸ್ಟ್ರೇಲಿಯಾದ ಪಿಆರ್ ಸಿಕ್ಕಾಗಲೂ ಲೇ ಗುರ್ಯಾ, ತಲೆ ನೆರೆತ ಮೇಲೂ ಅದೇ. ನೆಂಟರು ಸೇರಿದಲ್ಲೆಲ್ಲ ಆ ಕತೆ ಹೇಳಿಸಿ ನಗುತ್ತಿದ್ದರು. ಗುರುಬಸವನೂ ನಗುತ್ತಿದ್ದ. ಆದರೆ ಒಂದು ಸಲ, ಒಂದೇ ಸಲ, ಈ ಮನುಷ್ಯ ನನಗೆ ‘ಬರ್ರಿ’ ಎನ್ನಬೇಕು ಎಂಬ ಆಸೆ ಒಳಗೆ ಬೇರುಬಿಟ್ಟಿತ್ತು. ಹೆಂಡತಿ ಸಂಧ್ಯಾರಾಣಿಗೂ ಅವನು ಅದನ್ನು ಹೇಳಿಕೊಂಡಿರಲಿಲ್ಲ.

ಹೀಗಿರುವಾಗ ಫೋನ್ ಬಂತು.

“ಗುರುಬಸವ ಅವರ, ಆರಾಮ್ರೀ?”

ಗುರುಬಸವ ಫೋನನ್ನು ಕಿವಿಯಿಂದ ತೆಗೆದು, ಕರೆದವರ ಹೆಸರು ನೋಡಿ, ಮತ್ತೆ ಕಿವಿಗಿಟ್ಟ.

“ಇಷ್ಟು ದೊಡ್ಡ ಸುದ್ದಿ ನಮಗ ಮಂದಿ ಬಾಯಿಂದ ಗೊತ್ತಾಗಬೇಕೇನ್ರಿ? ನಿಮ್ಮ ಅಕ್ಕಗೂ ಹೇಳಿಲ್ಲ. ಇರಲಿ, ದೊಡ್ಡವರು ಹೇಳಿಕೊಳ್ಳಂಗಿಲ್ಲ. ನಮ್ಮ ಸಂಘದ ಮಕ್ಕಳ ಮೇಳ ಐತಿ. ಮೈದಾನ ಈ ವರ್ಷ ಮೊದಲ ಸಲ ಕೌನ್ಸಿಲ್‌ನವರು ಕೊಟ್ಟಾರ, ಚೊಲೋ ಆದರ ವರ್ಷಾ ಕೊಡತಾರಂತ. ನೀವು ಬಂದು ಹೆಂಗ ಮಾಡಬೇಕು ಹೇಳಬೇಕು. ಕಡೀಗೆ ಒಂದು ಶಾಲು ಹೊದಿಸತೀವಿ.”

“ಮಾಮಾ, ನಾ ಖರೇ ಅಂದ್ರ…” ಎಂದು ಗುರುಬಸವ ಶುರುಮಾಡಿದ.

“ಬ್ಯುಸಿ ಅದೀರಿ, ಗೊತ್ತೈತ್ರಿ. ಆದರೂ ಬರ್ರಿ.”

ಆ ‘ಬರ್ರಿ’ ಕಿವಿಯಿಂದ ಇಳಿದು ಹೊಟ್ಟೆಯವರೆಗೆ ಹೋಯಿತು. ಹೇಳಬೇಕೆಂದಿದ್ದ ಮಾತು ದಾರಿಯಲ್ಲೇ ಅದಕ್ಕೆ ಜಾಗ ಬಿಟ್ಟು ಪಕ್ಕಕ್ಕೆ ಸರಿಯಿತು.

“ಬಾಯಿ ಮುಚಕೊಂಡು ಕೂತು ಇಷ್ಟು ಮಾಡಕೊಂಡ್ರಿ,” ಎಂದಳು ಸಂಧ್ಯಾರಾಣಿ, ಅವನ ಬಟ್ಟೆ ಬ್ಯಾಗಿಗೆ ತುಂಬುತ್ತ. “ಅಲ್ಲಿ ಹೋಗಿ ಆದರೂ ಬಾಯಿ ಬಿಡ್ರಿ.”

ಅವನು ಬಾಯಿ ಬಿಟ್ಟ. ಅದರಿಂದ ಇನ್ನೂ ಕೆಟ್ಟಿತು.

ಮೊದಲಿನ ಸಲವೆಲ್ಲ ಟಾರ್ನೀಟಿಗೆ ಹೋದರೆ ಅಡಿಗೆಮನೆಯಲ್ಲಿ ಅಕ್ಕನ ಪಕ್ಕ ನಿಂತು, ಹಂಚಿನಿಂದ ಇಳಿದ ರೊಟ್ಟಿಗೆ ಚಟ್ನಿಪುಡಿ, ಎಣ್ಣೆ ಹಚ್ಚಿಕೊಂಡು ಕೈಯಲ್ಲೇ ತಿಂದುಬಿಡುತ್ತಿದ್ದ. ಈ ಸಲ ಅವನನ್ನು ಊಟದ ಮೇಜಿನ ತಲೆಗೆ ಕೂರಿಸಿದರು. ಎದುರು ಗಾಜಿನ ತಟ್ಟೆ, ಚಮಚ, ಮಡಚಿದ ಕಾಗದದ ಕರವಸ್ತ್ರ. ಪಂಚಾಕ್ಷರಯ್ಯನವರ ತಾಯಿ, ಎಂಬತ್ತರ ಗೌರಕ್ಕ ಮಾತ್ರ ದೂರದ ಸೋಫಾದಿಂದ, “ಅಂವಗ ಯಾಕ ಚಮಚ ಕೊಟ್ಟೀರಿ, ಕೈಗೇನಾಗೇತಿ?” ಎಂದಳು. ನೀಲಕ್ಕ ರೊಟ್ಟಿಯನ್ನು ಮುಚ್ಚಿದ ಡಬ್ಬಿಯಲ್ಲಿ ತಂದಿಟ್ಟಳು. ಅದು ಅಷ್ಟರಲ್ಲಿ ಮೆತ್ತಗಾಗಿತ್ತು.

“ಇನ್ನೊಂದು ಹಾಕಲ್ರೀ?” ಎಂದಳು.

ಸ್ವಂತ ಅಕ್ಕ, ಎತ್ತಿ ಆಡಿಸಿದವಳು, ‘ರೀ’ ಎಂದಿದ್ದಳು. ಗುರುಬಸವ ಚಮಚದಿಂದ ರೊಟ್ಟಿ ಮುರಿಯಲು ನೋಡುತ್ತಿದ್ದವನು ಕೈ ತಡೆದ. ಬೇಡಿದ್ದು ಸಿಕ್ಕಾಗ ಅದರ ಜೊತೆ ಇನ್ನೇನೋ ಹೋಗಿರುತ್ತದೆ ಎಂಬುದು ಅವನಿಗೆ ಅಲ್ಲಿ ಸ್ವಲ್ಪ ಹೊಳೆಯಿತು. ಆದರೆ ಊಟದ ನಡುವೆ ಹೊಳೆದದ್ದು ಬಹಳ ಹೊತ್ತು ನಿಲ್ಲುವುದಿಲ್ಲ. ಅಷ್ಟರಲ್ಲಿ ಬಾಗಿಲ ಗಂಟೆ ಬಾರಿಸಿ ಸಂಘದ ಕಾರ್ಯದರ್ಶಿ ಶೀತಲ ಒಳಗೆ ಬಂದಳು.

ಶೀತಲ ಮೈಸೂರಿನವಳು. ಯಾವ ಮಾತು ಕೇಳಿದರೂ ಅದನ್ನು ಅಂದೇ ಕಾರ್ಯರೂಪಕ್ಕೆ ತರದಿದ್ದರೆ ಅವಳಿಗೆ ನಿದ್ದೆ ಬರುವುದಿಲ್ಲ. “ಸರ್, ನೀವು ಹೇಳಿ, ನಾವು ಮಾಡ್ತೀವಿ,” ಎಂದು ಎದುರು ಕೂತಳು.

ಗುರುಬಸವ ಇಲ್ಲಿಯೂ ಸುಳ್ಳು ಹೇಳಲಿಲ್ಲವೆಂಬುದನ್ನು ಮತ್ತೊಮ್ಮೆ ಗಮನಿಸಬೇಕು. ಅವನು ವೀಡಿಯೋದಲ್ಲಿ ಕಂಡದ್ದನ್ನೇ ಹೇಳಿದ. ಕಂಪನಿ ಕಟ್ಟಿದಾತ ತಿಂಡಿ ತಿನ್ನುತ್ತ ನಡೆದು, ತಿಂದು ಮುಗಿದಲ್ಲಿ ಕಸದ ಬುಟ್ಟಿ ಇಡಿಸಿದನಂತೆ. ಅಲ್ಲಿಯ ನೌಕರರು ದಾರಿ ತೋರಿಸುವಾಗ ಒಂದು ಬೆರಳು ಚಾಚುವುದಿಲ್ಲ, ಅದು ಮರ್ಯಾದೆಯಲ್ಲ; ಎರಡು ಬೆರಳು ಚಾಚುತ್ತಾರೆ. ಯಾರು ಏನು ಕೇಳಿದರೂ ‘ಗೊತ್ತಿಲ್ಲ’ ಅನ್ನುವ ಹಾಗಿಲ್ಲವಂತೆ.

“ಸೂಪರ್ ಸರ್. ಆಮೇಲೆ?”

“ಆಮ್ಯಾಲೆ… ನೋಡಾಕ ಚಂದ ಇಲ್ಲದ್ದಕ್ಕ ಒಂದು ಥರಾ ಬೂದಿ ಹಸರು ಬಣ್ಣ ಹಚ್ಚತಾರ. ಗ್ವಾಡಿ, ಬಾಗಲ, ಕಂಬ. ಕಣ್ಣು ಅದರ ಮ್ಯಾಲೆ ನಿಲ್ಲಂಗಿಲ್ಲ. ಇದ್ದರೂ ಇಲ್ಲದಂಗ.”

ಶೀತಲ ಪಂಚಾಕ್ಷರಯ್ಯನವರನ್ನು ನೋಡಿದಳು. “ಅಂಕಲ್, ನಮ್ಮ ಬಾಡಿಗೆ ಟಾಯ್ಲೆಟ್‌ಗಳು. ಆರೂ ಕಣ್ಣಿಗೆ ಹೊಡೆಯೋ ನೀಲಿ.”

“ನೀರಿನ ಬಣ್ಣ ಹಚ್ಚಿದರ ತೊಳದು ಕೊಡಬಹುದಲ್ರಿ?” ಎಂದು ಪಂಚಾಕ್ಷರಯ್ಯ ಗುರುಬಸವನನ್ನು ಕೇಳಿದರು. ಇಷ್ಟು ವರ್ಷಗಳಲ್ಲಿ ಅವರು ಅವನ ಅಭಿಪ್ರಾಯ ಕೇಳಿದ್ದು ಅದೇ ಮೊದಲು.

‘ನಾನು ಅದನ್ನು ಕಣ್ಣಾರೆ ನೋಡಿಲ್ಲ’ ಎನ್ನಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿರಲಿಲ್ಲ. “ಹಚ್ಚಬಹುದ್ರಿ,” ಎಂದ ಗುರುಬಸವ.

ಮೇಳದ ದಿನ ಬಿಸಿಲು ಚೆನ್ನಾಗಿತ್ತು. ಶೀತಲ ಕೇಳಿದ್ದನ್ನೆಲ್ಲ ಮಾಡಿಸಿದ್ದಳು. ಓಣಿಯ ಮನೆಮನೆಯಿಂದ ಕೆಂಪು ಮುಚ್ಚಳದ, ಹಳದಿ ಮುಚ್ಚಳದ, ಚಕ್ರವಿದ್ದ ಕಸದ ಬುಟ್ಟಿಗಳನ್ನು ಉರುಳಿಸಿಕೊಂಡು ಬಂದು ಮೈದಾನದ ತುಂಬ ನಿಲ್ಲಿಸಿದ್ದರು. ದೂರದಿಂದ ನೋಡಿದವರಿಗೆ ಮೇಳಕ್ಕೆ ಬುಟ್ಟಿಗಳೇ ಮೊದಲು ಬಂದು ಸಾಲಾಗಿ ನಿಂತಂತೆ ಕಾಣುತ್ತಿತ್ತು. ಹಳದಿ ಟೀ-ಶರ್ಟಿನ ಸ್ವಯಂಸೇವಕರು ಎರಡೆರಡು ಬೆರಳು ಚಾಚಿ ಮಂದಿಯನ್ನು ಬರಮಾಡಿಕೊಂಡರು. ಮಿರ್ಚಿಯ ಅಂಗಡಿಯ ಮುಂದೆ ಜನ ಮುಕುರಿಕೊಂಡರು. ಮಕ್ಕಳು ಗೋಣಿಚೀಲದಲ್ಲಿ ಕುಪ್ಪಳಿಸಿದರು. ಪಂಚಾಕ್ಷರಯ್ಯ ಭೆಟ್ಟಿಯಾದವರಿಗೆಲ್ಲ, “ಇವರು ನಮ್ಮ ಮನೆಯವರ ತಮ್ಮ,” ಎಂದು ಗುರುಬಸವನನ್ನು ತೋರಿಸಿದರು. ಮೊದಲು ಹಾಗೆ ತೋರಿಸುತ್ತಿದ್ದದ್ದು ಮದುವೆಯ ಕತೆ ಹೇಳುವುದಕ್ಕೆ ಮಾತ್ರ.

ಮಧ್ಯಾಹ್ನದ ಹೊತ್ತಿಗೆ, ಮಜ್ಜಿಗೆ ಎರಡು ಸುತ್ತು ಹಂಚಿದ ಮೇಲೆ, ಒಂದು ವಿಚಿತ್ರ ಕಾಣಿಸಿಕೊಂಡಿತು. ಜನ ಮೈದಾನವನ್ನು ಸುತ್ತತೊಡಗಿದರು. ಒಂದೊಂದು ಸಂಸಾರ, ಮುಂದೆ ತಂದೆ, ಕೈ ಹಿಡಿದ ಮಗು, ಹಿಂದೆ ತಾಯಿ, ಒಂದೇ ಬಿರುಸಿನಲ್ಲಿ ಈ ತುದಿಯಿಂದ ಆ ತುದಿಗೆ ಹೋಗುತ್ತಿತ್ತು. ಅಲ್ಲಿಂದ ಇನ್ನೊಂದು ತುದಿಗೆ. ಮೊದಮೊದಲು ಪಂಚಾಕ್ಷರಯ್ಯ, “ನೋಡ್ರಿ, ಮಂದಿ ಎಷ್ಟು ಉಲ್ಲಾಸದಾಗ ತಿರಗ್ಯಾಡಾಕತ್ತಾರ,” ಎಂದು ಸಂತೋಷಪಟ್ಟರು. ಆಮೇಲೆ ಅದೇ ಸಂಸಾರ ಮತ್ತೆ ಬಂತು. ಈ ಸಲ ಮಗುವನ್ನು ತಂದೆ ಎತ್ತಿಕೊಂಡಿದ್ದ.

“ಟಾಯ್ಲೆಟ್ ಎಲ್ಲಿ ಸಾರ್?”

ಪಕ್ಕದಲ್ಲಿದ್ದ ದರ್ಶನ್ ಎಂಬ ಸ್ವಯಂಸೇವಕ ಎರಡು ಬೆರಳು ಚಾಚಿ, “ಆ ಕಡೆ ಸಾರ್,” ಎಂದ. ತುಸು ದೂರದಲ್ಲಿದ್ದ ಕೌಶಿಕ್ ಎಂಬ ಇನ್ನೊಬ್ಬ ಅದೇ ವಿನಯದಿಂದ, ಅಷ್ಟೇ ಬೆರಳಿನಿಂದ, ತದ್ವಿರುದ್ಧ ದಿಕ್ಕು ತೋರಿಸಿದ.

“ಲೇ, ಎಲ್ಲಿ ಅದಾವ ಅಂತ ಗೊತ್ತೈತೇನು ನಿನಗ?” ಎಂದು ಪಂಚಾಕ್ಷರಯ್ಯ ದರ್ಶನನನ್ನು ಕೇಳಿದರು.

“ಇಲ್ಲ ಅಂಕಲ್. ಆದ್ರೆ ಗೊತ್ತಿಲ್ಲ ಅನ್ಬಾರ್ದು ಅಂತ ಶೀತಲ್ ಮೇಡಂ ಹೇಳಿದಾರೆ.”

ಶೀತಲ ಇರಲಿಲ್ಲ. ಇಡ್ಲಿ ಮುಗಿಯುತ್ತ ಬಂದದ್ದರಿಂದ ಇನ್ನಷ್ಟು ತರಲು ಕಾರಿನಲ್ಲಿ ಹೋಗಿದ್ದಳು. ಅವಳ ಫೋನು ವೇದಿಕೆಯ ಸ್ಪೀಕರಿಗೆ ಜೋಡಿಸಿಕೊಂಡು ಹಾಡುತ್ತಿತ್ತು. ಹಿಂದಿನ ಸಂಜೆ ಒಬ್ಬಳೇ ನಿಂತು ಬಣ್ಣ ಹಚ್ಚಿದವಳು ಅವಳೇ. ಎಲ್ಲಿಡಬೇಕೆಂದು ಟ್ರಕ್ಕಿನವನಿಗೆ ತೋರಿಸಿದವಳೂ ಅವಳೇ. ಅಂದಗೆಡುತ್ತದೆಂದು ಹೆಸರಿನ ಫಲಕಗಳನ್ನೂ ಬಿಚ್ಚಿಸಿದ್ದಳು. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅರ್ಧ ಟಾರ್ನೀಟ್ ಹುಡುಕಿದರೂ ಸಿಗದ ಹಾಗಿತ್ತು.

ಆಗ ಕೌನ್ಸಿಲ್ಲಿನ ಅಧಿಕಾರಿಣಿ ಬಂದಳು. ಹೊಳೆಯುವ ಜಾಕೀಟು, ಅಗಲದ ಟೋಪಿ, ಬಿಸಿಲಿಗೆ ಕೆಂಪಾದ ಮುಖ. ಅವಳೂ ಮೈದಾನ ಸುತ್ತಿ ಬಂದಿದ್ದಳು. ಎಷ್ಟು ಜನ ಅವಳಿಗೆ ಎರಡು ಬೆರಳು ತೋರಿಸಿದ್ದರೋ, ಆ ದೇಶದಲ್ಲಿ ಎರಡು ಬೆರಳು ಒಂದು ರೀತಿ ಎತ್ತಿದರೆ ಬೈಗುಳವಾಗುತ್ತದೆಂಬುದು ಅವಳಿಗೆ ನೆನಪಾಗಿತ್ತೋ ಏನೋ, ದನಿ ಗಡುಸಾಗಿತ್ತು.

“ಆರು ಶೌಚಾಲಯ ಇಡುತ್ತೇವೆ ಎಂದಿದ್ದಿರಿ. ನನಗೆ ಒಂದೂ ಕಾಣಲಿಲ್ಲ,” ಎಂದಳು ಇಂಗ್ಲಿಷಿನಲ್ಲಿ. “ತೋರಿಸಿ. ಇಲ್ಲದಿದ್ದರೆ ಮೇಳ ಈಗಲೇ ನಿಲ್ಲಬೇಕಾಗುತ್ತದೆ. ಮುಂದಿನ ವರ್ಷದ ಮಾತು ಆಮೇಲೆ.”

ಸಂಘದವರು ಸುತ್ತ ಸೇರಿದರು. ಪಂಚಾಕ್ಷರಯ್ಯ ಮುಳುಗುವವನು ಹಿಡಿಯುವ ಹಾಗೆ ಗುರುಬಸವನ ತೋಳು ಹಿಡಿದು ಮುಂದೆ ನಿಲ್ಲಿಸಿದರು. “ಇವರನ್ನು ಕೇಳಿ ಮೇಡಂ. ಡಿಸ್ನಿಯ ಉದ್ಯಾನದಲ್ಲಿ ವರ್ಷಗಟ್ಟಲೆ ಇದ್ದವರು. ಎಲ್ಲ ಇವರ ಯೋಜನೆ.”

ಅವಳು ಗುರುಬಸವನನ್ನು ನೋಡಿದಳು. “ಹೌದೇ? ಎಲ್ಲಿವೆ?”

ಗುರುಬಸವನ ಬಲಗೈ ತಾನಾಗಿ ಮೇಲೆ ಬಂತು. ಎರಡು ಬೆರಳೂ ಚಾಚಿಕೊಂಡವು. ಯಾವ ಕಡೆಗೆ ತೋರಿಸಿದರೂ ಒಂದಿಷ್ಟು ಹೊತ್ತು ಸಿಗುತ್ತಿತ್ತು. ಅಷ್ಟರಲ್ಲಿ ಶೀತಲ ಬಂದರೂ ಬಂದಾಳು. ಮಾಮಾನ ಮುಖ ನೋಡಿದ. ಆ ಮುಖದಲ್ಲಿ ಅವನ ಮೇಲೆ ಎಷ್ಟು ನಂಬಿಕೆ ಇತ್ತೆಂದರೆ, ಅದನ್ನು ನೋಡುತ್ತ ಕೈ ಚಾಚಿಟ್ಟುಕೊಳ್ಳುವುದು ಅವನಿಂದ ಆಗಲಿಲ್ಲ. ಬೆರಳು ಮಡಚಿದ.

“ಗೊತ್ತಿಲ್ಲ,” ಎಂದ. ಬಳಿಕ, ಒಮ್ಮೆ ಬಾಯಿ ಬಿಟ್ಟದ್ದರಿಂದ, ಉಳಿದದ್ದನ್ನೂ ಹೇಳಿದ. “ನಾನು ಅಲ್ಲಿ ಕೆಲಸ ಮಾಡಿಲ್ಲ. ಅಲ್ಲಿಗೆ ಹೋಗಿಯೂ ಇಲ್ಲ. ವೀಡಿಯೋ ನೋಡಿದ್ದೇನೆ, ಅಷ್ಟೇ.” ಪಂಚಾಕ್ಷರಯ್ಯನವರ ಕಡೆ ತಿರುಗಿ ಕನ್ನಡದಲ್ಲೂ ಹೇಳಿದ: “ಹೋಗಿಲ್ರಿ ಮಾಮಾ. ನಾ ಎಲ್ಲೂ ಹೋಗಿಲ್ಲ.”

ಸಂಘದವರಲ್ಲಿ ಯಾರೋ, “ಎಷ್ಟು ಹಂಬಲ್ ನೋಡಿ,” ಎಂದರು. ಆದರೆ ಪಂಚಾಕ್ಷರಯ್ಯನವರಿಗೆ ಅದು ನಿಜವೆಂದು ತಿಳಿದುಹೋಯಿತು. ಅವರು ತೋಳು ಬಿಟ್ಟರು.

ಅಧಿಕಾರಿಣಿ ಮಾತ್ರ ಟೋಪಿ ತೆಗೆದು ಬೆವರೊರೆಸಿಕೊಂಡಳು. “ಬೆಳಗಿನಿಂದ ನಾನು ಕೇಳಿದ ಮೊದಲ ನೇರ ಉತ್ತರ,” ಎಂದಳು. “ಸರಿ. ಹುಡುಕೋಣ.”

ಹುಡುಕಬೇಕಾಗಲಿಲ್ಲ. ಗೌರಕ್ಕ ಕೋಲೂರಿಕೊಂಡು, ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ, ಮೈದಾನದ ಅಂಚಿನ ನೀಲಗಿರಿ ಸಾಲಿನಿಂದ ನಿಧಾನ ಬರುತ್ತಿದ್ದಳು. ಮಗನ ಸುತ್ತ ಸೇರಿದ ಮಂದಿಯನ್ನು ಕಂಡು ನಿಂತಳು.

“ಏನು ಹುಡುಕಾಕತ್ತೀರಿ?”

“ಪಾಯಿಖಾನಿ, ಅವ್ವಾ,” ಎಂದರು ಪಂಚಾಕ್ಷರಯ್ಯ, ಸೋತ ದನಿಯಲ್ಲಿ.

“ಅಲ್ಲೆ ಐತೆಲ್ಲೋ. ಆ ಸಾಲಿನಾಗ ಒಂದು ಗಿಡಕ್ಕ ಚಿಲಕ ಐತಿ ನೋಡು,” ಎಂದಳು ಗೌರಕ್ಕ. “ಬದಿಗೆ ಇನ್ನೂ ಅದಾವ. ನಾ ಒರಗಿ ನಿಂದ್ರಾಕ ಹೋದೆ. ಗಿಡ ಪೊಳ್ಳು ಹತ್ತಿತು.”

ಎಲ್ಲರೂ ನೋಡಿದರು. ನೀಲಗಿರಿಯ ಬೂದು ಹಸಿರಿನ ನಡುವೆ, ಮೈದಾನಕ್ಕೆ ಬೆನ್ನು ತಿರುಗಿಸಿ, ಆರು ಶೌಚಾಲಯಗಳು ಯಾವ ಕಣ್ಣಿಗೂ ನೋವಾಗದಂತೆ ನಿಂತಿದ್ದವು. ಆ ಕಂಪನಿಯವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಮೈದಾನದ ನಾಲ್ಕೂ ಕಡೆಯಿಂದ ಸಂಸಾರಗಳು ಅತ್ತ ಓಡಿದವು. ಅಧಿಕಾರಿಣಿ ಮೊದಲು ಹೋಗಿ ಎಣಿಸಿ ಬಂದಳು; ಅವುಗಳಲ್ಲಿ ಒಂದರೊಳಗೆ ಸ್ವಲ್ಪ ಹೆಚ್ಚು ಹೊತ್ತು ಇದ್ದಳೆಂಬುದನ್ನು ಯಾರೂ ಎತ್ತಿ ಆಡಲಿಲ್ಲ.

ಮೇಳ ನಿಲ್ಲಲಿಲ್ಲ. ಸಂಜೆ ವೇದಿಕೆಯಲ್ಲಿ ಶಾಲು ಹೊರಬಂತು. ತಂದ ಶಾಲನ್ನು ಯಾರಿಗೂ ಹೊದಿಸದೆ ಮನೆಗೊಯ್ಯುವುದು ಸಂಘಗಳ ಸಂಪ್ರದಾಯದಲ್ಲಿಲ್ಲ. ಪಂಚಾಕ್ಷರಯ್ಯ ಅದನ್ನು ತಾಯಿಗೆ ಹೊದಿಸಿದರು. ಗೌರಕ್ಕ, “ಯಾತಕ್ಕ?” ಎಂದು ಕೇಳಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಗುರುಬಸವನ ಹೆಸರು ಯಾರೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಬಾಡಿಗೆಯವರು ಬರುವುದರೊಳಗೆ ಬಣ್ಣ ತೊಳೆಯಬೇಕಿತ್ತು. ಪಂಚಾಕ್ಷರಯ್ಯ ಬಕೆಟ್ಟು, ಕುಂಚ ಹಿಡಿದು ಒಬ್ಬರೇ ಹೊರಟರು. ಗುರುಬಸವ ಕೇಳದೆ ಹಿಂದೆ ಹೋದ. ಮೊದಲನೆಯದನ್ನು ಒಬ್ಬೊಬ್ಬರು ಒಂದೊಂದು ಕಡೆಯಿಂದ ತಿಕ್ಕಿದರು. ಹಸಿರು ನೀರಾಗಿ ಇಳಿದು ಕೆಳಗೆ ನೀಲಿ ಕಾಣತೊಡಗಿತು.

“ಫೋನ್ ಮಾಡಿದಾಗರ ಹೇಳಬಾರದಾಗಿತ್ತಾ?” ಎಂದರು ಪಂಚಾಕ್ಷರಯ್ಯ, ಗೋಡೆಯ ಆಚೆಯಿಂದ.

ಗುರುಬಸವ ತಿಕ್ಕುವುದನ್ನು ನಿಲ್ಲಿಸಿದ. “ನೀವು ಬರ್ರಿ ಅಂದಿದ್ರಿ ಮಾಮಾ. ಮೊದಲನೇ ಸಲ. ಅದನ್ನ ಹೆಂಗ ವಾಪಸ್ ಕೊಡಲಿ ತಿಳೀಲಿಲ್ಲ.”

ಆ ಕಡೆ ಕುಂಚದ ಸದ್ದು ನಿಧಾನವಾಯಿತು. ನೀಲಗಿರಿಯ ಮೇಲೆ ಮ್ಯಾಗ್ಪೈ ಹಕ್ಕಿಯೊಂದು ಕೂಗಿತು.

“ಗುರುಬಸವ.”

“ಹಾಂ?”

“ಆ ಡಿಸ್ನಿ ಪಾರ್ಕಿನೊಳಗಿನ ಅರಮನಿ ಅಷ್ಟು ಎತ್ತರ ಹೆಂಗ ಕಾಣತೈತಿ?”

“ಮ್ಯಾಲೆ ಮ್ಯಾಲೆ ಹೋದಂಗ ಕಿಟಕಿ, ಇಟ್ಟಂಗಿ ಎಲ್ಲಾ ಸಣ್ಣವು ಮಾಡ್ಯಾರಂತ. ಕೆಳಗಿಂದ ನೋಡಿದರ ಭಾಳ ದೂರ ಐತಿ ಅನಸತೈತಂತ.” ಗುರುಬಸವ ಕುಂಚವನ್ನು ಬಕೆಟ್ಟಿಗೆ ಅದ್ದಿದ. “ಹಂಗಂತ ಹೇಳತಾರ. ನಾ ನೋಡಿಲ್ಲ.”

“ನಾನೂ ನೋಡಿಲ್ಲ,” ಎಂದರು ಪಂಚಾಕ್ಷರಯ್ಯ. ಈ ಕಡೆ ಬಂದು, ಗುರುಬಸವ ತಿಕ್ಕಿದ ಜಾಗವನ್ನು ಒಮ್ಮೆ ನೋಡಿ, ಅವನ ಬಕೆಟ್ಟಿಗೆ ತಮ್ಮದರಿಂದ ಅರ್ಧ ನೀರು ಸುರಿದರು. “ಮುಂದಿನ ವರ್ಷ ಹೋಗಿ ನೋಡಿಕೊಂಡು ಬರೋಣು. ನಾ, ನೀ. ಬೇಕಾದರ ಅವ್ವನ್ನೂ ಕರಕೊಂಡು.”

“ಬರತೀನ್ರಿ.”

“ಆದರ ಒಂದು ಮಾತು,” ಎಂದು ಅವರು ಎರಡನೆಯ ಶೌಚಾಲಯದತ್ತ ನಡೆದರು. “ಹೋಗಿ ಬಂದದ್ದನ್ನ ಯಾರ ಮುಂದೂ ಹೇಳೋದು ಬ್ಯಾಡ.”